ಅನಿಲದ ಇಬ್ಬನಿ ಲೆಕ್ಕ ನಡೆದು ಬಂದ ದಾರಿ

ಡ್ಯೂ ಪಾಯಿಂಟು, ಹೈಡ್ರೇಟು ಇವೆಲ್ಲ ಕೆನಡಾ, ಸೈಬೀರಿಯಾದವರ ತಲೆನೋವು, ಬಿಸಿಲ ನಾಡಿನ ನಮಗೆ ಅದರ ಗೊಡವೆ ಏಕೆ ಎಂಬ ಮಾತನ್ನು ಈಚೆಗೆ ಎಂಜಿನಿಯರುಗಳ ಬಾಯಲ್ಲೇ ಕೇಳುತ್ತಿದ್ದೇನೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಬೇಕಾದರೆ ಸಾಫ್ಟ್‌ವೇರ್ ಹೇಳುತ್ತದಲ್ಲ. ಎರಡೂ ತಪ್ಪು. ಸಾಕ್ಷಿ ನಮ್ಮ ನೆಲದಲ್ಲೇ ಇದೆ. ವರದೆ ಬಂದು ತುಂಗಭದ್ರೆಯನ್ನು ಕೂಡುವ ಗಳಗನಾಥದಿಂದ ಹೊಳೆಗುಂಟ ಮೇಲಕ್ಕೆ ಹೋದರೆ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣ ಸಿಗುತ್ತದೆ. 1970ರ ದಶಕದಿಂದ ಅಲ್ಲಿ ಹರಿಹರ ಪಾಲಿಫೈಬರ್ಸ್‌ನ ಚಿಮಣಿಗಳು ನಿಂತಿವೆ. 2013ರಲ್ಲಿ ದಾಭೋಳದಿಂದ ಬೆಂಗಳೂರಿನವರೆಗೆ ಗೇಲ್ ಸಂಸ್ಥೆಯ ಸುಮಾರು 1000 ಕಿ.ಮೀ. ಉದ್ದದ ಅನಿಲ ಕೊಳವೆ ಉತ್ತರ ಕರ್ನಾಟಕದ ನೆಲದಡಿ ಹಾದು ಬಂತು. ಕೊಳವೆಗೂ ಚಿಮಣಿಗೂ ಬೇಕಾದ ಲೆಕ್ಕ ಒಂದೇ ಕುಲದ್ದು. ಈ ಅನಿಲ ಎಷ್ಟು ತಣ್ಣಗಾದರೆ ಅದರೊಳಗಿನ ಆವಿ ಹನಿಗಟ್ಟುತ್ತದೆ, ಅಂದರೆ ಅದರ ಡ್ಯೂ ಪಾಯಿಂಟ್ ಎಷ್ಟು? ಎಲ್ಲಿ ಹೆಪ್ಪುಗಟ್ಟುತ್ತದೆ?

ಶುರುವಿನ ಕಥೆ ದೊಡ್ಡದಲ್ಲ. 1810ರಲ್ಲಿ ಹಂಫ್ರಿ ಡೇವಿ ಕ್ಲೋರಿನ್ ಮತ್ತು ನೀರು ಸೇರಿ ಗಟ್ಟಿ ಹರಳಾಗುವುದನ್ನು ಕಂಡ; ಇಂಥ ಹರಳೇ ಹೈಡ್ರೇಟ್. 1823ರಲ್ಲಿ ಫ್ಯಾರಡೆ ಅದರ ಅಂಶಗಳನ್ನು ಅಳೆದ. 1888ರಲ್ಲಿ ಫ್ರಾನ್ಸಿನ ವಿಲಾರ್ ಮೀಥೇನ್ ಹೈಡ್ರೇಟ್ ಮಾಡಿ ತೋರಿಸಿದ. 1934ರವರೆಗೂ ಇದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. ಆ ವರ್ಷ ಹ್ಯಾಮರ್‌ಶ್ಮಿಟ್, ಅಮೆರಿಕದ ಅನಿಲ ಕೊಳವೆಗಳನ್ನು ಕಟ್ಟಿಹಾಕುತ್ತಿದ್ದದ್ದು ಮಂಜುಗಡ್ಡೆಯಲ್ಲ, ಸೊನ್ನೆ ಡಿಗ್ರಿಗಿಂತ ಮೇಲೆಯೂ ಹುಟ್ಟುವ ಹೈಡ್ರೇಟ್ ಎಂದು ಸಾರಿದ. ಅವನು ಕೊಟ್ಟ ಸೂತ್ರ ಒಂದು ಸಾಲಿನದು. ಅದರ ಪ್ರಕಾರ ಕೊಳವೆಯೊಳಗಿನ ನೀರಿಗೆ ತೂಕದಲ್ಲಿ ಶೇ. 20ರಷ್ಟು ಮೆಥನಾಲ್ ಬೆರೆತರೆ ಹೈಡ್ರೇಟ್ ಕಟ್ಟುವ ಉಷ್ಣಾಂಶ ಸುಮಾರು 10 ಡಿಗ್ರಿ ಇಳಿಯುತ್ತದೆ; ಅಷ್ಟೇ ಗ್ಲೈಕಾಲ್ ಹಾಕಿದರೆ ಇಳಿಯುವುದು 5 ಡಿಗ್ರಿ ಮಾತ್ರ. ಸಾಧಾರಣ ಪ್ರಮಾಣಗಳಲ್ಲಿ ಈ ಸೂತ್ರ ಇಂದಿಗೂ ಕೈಕೊಡುವುದಿಲ್ಲ.

ಆಮೇಲೆ ಬಂದವರು ಮಿಷಿಗನ್ ವಿಶ್ವವಿದ್ಯಾಲಯದ ಡೊನಾಲ್ಡ್ ಕಾಟ್ಜ್ ಮತ್ತವರ ಶಿಷ್ಯರು. ಈ ಕ್ಷೇತ್ರದ ನಿಜವಾದ ಮೇಷ್ಟ್ರು ಕಾಟ್ಜ್ ಎಂದೇ ನನ್ನ ನಂಬಿಕೆ. 1940ರ ದಶಕದಲ್ಲಿ ಅವರು ತಂದ ನಕ್ಷೆಯಲ್ಲಿ ಬೇಕಾದದ್ದು ಎರಡೇ: ಗಾಳಿಗೆ ಹೋಲಿಸಿದರೆ ಅನಿಲದ ತೂಕ ಎಷ್ಟು, ಒತ್ತಡ ಎಷ್ಟು. ಶುದ್ಧ ಮೀಥೇನ್ 70 ಬಾರ್ ಒತ್ತಡದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೈಡ್ರೇಟ್ ಕಟ್ಟುತ್ತದೆ. ಅದಕ್ಕೆ ತುಸು ಈಥೇನ್, ಪ್ರೊಪೇನ್ ಬೆರೆತು ಸಾಪೇಕ್ಷ ಸಾಂದ್ರತೆ 0.6 ಆದರೆ ನಕ್ಷೆ 17 ಡಿಗ್ರಿಯ ಆಸುಪಾಸು ತೋರಿಸುತ್ತದೆ. ಅಷ್ಟು ಕಡಿಮೆ ಬೆರಕೆಗೆ 7 ಡಿಗ್ರಿಯ ಜಿಗಿತ! ನಕ್ಷೆಯ ಮೇಲೆ ಬೆರಳಿಟ್ಟು ನೋಡಿದವನಿಗೆ ಇದು ಜನ್ಮದಲ್ಲಿ ಮರೆಯುವುದಿಲ್ಲ. ಪರದೆಯ ಮೇಲೆ ಬರೀ ಉತ್ತರ ಕಂಡವನಿಗೆ ಅದು ನೆನಪಲ್ಲಿ ನಿಲ್ಲುವುದೂ ಇಲ್ಲ.

1950ರ ಹೊತ್ತಿಗೆ ಎಕ್ಸ್-ರೇ ಅಧ್ಯಯನಗಳು ಹರಳಿನ ಒಳಗುಟ್ಟು ಬಿಚ್ಚಿದವು. ನೀರಿನ ಅಣುಗಳು ಪಂಜರ ಕಟ್ಟುತ್ತವೆ, ಅನಿಲದ ಅಣು ಒಳಗೆ ಕೂರುತ್ತದೆ. ಮೀಥೇನಿನದು 46 ನೀರಿನ ಅಣುಗಳು ಕೂಡಿ 8 ಪಂಜರಗಳಾಗುವ ರಚನೆ. ಪ್ರೊಪೇನ್ ಸೇರಿದಾಗ 136 ಅಣುಗಳ ಇನ್ನೊಂದು ರಚನೆ. ಆ 7 ಡಿಗ್ರಿಯ ಕಾರಣ ಇಲ್ಲಿದೆ. 1959ರಲ್ಲಿ ವಾನ್ ಡರ್ ವಾಲ್ಸ್ ಮತ್ತು ಪ್ಲಾಟ್ಯೂ ಇದಕ್ಕೆ ಸಂಖ್ಯಾಶಾಸ್ತ್ರೀಯ ಸಿದ್ಧಾಂತ ಕೊಟ್ಟರು. (1873ರ ಸಮೀಕರಣದ ವಾನ್ ಡರ್ ವಾಲ್ಸ್ ಬೇರೆ.) 1972ರಲ್ಲಿ ಪ್ಯಾರಿಶ್ ಮತ್ತು ಪ್ರೌಸ್ನಿಟ್ಸ್ ಅದನ್ನು ಕಂಪ್ಯೂಟರಿಗೆ ಒಗ್ಗಿಸಿದರು. ಅದೇ ವರ್ಷ ಸೋವೆ, 1976ರಲ್ಲಿ ಪೆಂಗ್ ಮತ್ತು ರಾಬಿನ್‌ಸನ್ ಅನಿಲದ ಒತ್ತಡ, ಗಾತ್ರ, ಉಷ್ಣಾಂಶಗಳನ್ನು ಬೆಸೆಯುವ ತಮ್ಮ ಸಮೀಕರಣಗಳನ್ನು ಪ್ರಕಟಿಸಿದರು. ಹನಿಗಟ್ಟುವುದು, ಹೆಪ್ಪುಗಟ್ಟುವುದು ಎರಡನ್ನೂ ಅನಿಲದ ಒಂದೇ ವಿವರಣೆಯಿಂದ ಲೆಕ್ಕ ಹಾಕುವುದು ಸಾಧ್ಯವಾದದ್ದು ಆಗ. ನಮ್ಮ ತಲೆಮಾರು ಕಲಿತದ್ದು ಈ ಕಾಲದಲ್ಲಿ. ಒಂದು ಕಡೆ ಕಾಟ್ಜ್ ನಕ್ಷೆ, ಇನ್ನೊಂದು ಕಡೆ ಫೋರ್ಟ್ರಾನ್ ಪ್ರೋಗ್ರಾಂ. ಎರಡರ ಉತ್ತರವೂ ಹೊಂದಿದ ಮೇಲೆಯೇ ಹಾಳೆಗೆ ಸಹಿ.

ಈಗಿನ ಸಾಫ್ಟ್‌ವೇರ್ ಒಳಗಿರುವುದೂ ಬಹುಮಟ್ಟಿಗೆ ಈ ಸಮೀಕರಣಗಳೇ. ದೋಷ ಅವುಗಳದ್ದಲ್ಲ. ಹೈಡ್ರೋಕಾರ್ಬನ್ ಡ್ಯೂ ಪಾಯಿಂಟನ್ನು ತೀರ್ಮಾನಿಸುವುದು ಅನಿಲದ ಬಾಲದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಭಾರವಾದ ಅಂಶಗಳು. ಕ್ರೊಮಟೋಗ್ರಾಫ್ ವರದಿಯಲ್ಲಿ ಅವನ್ನೆಲ್ಲ ಹೆಕ್ಸೇನ್ ಮತ್ತು ಮೇಲ್ಪಟ್ಟವು ಎಂದು ಒಂದೇ ಗಂಟು ಕಟ್ಟಿರುತ್ತಾರೆ. ಆ ಗಂಟನ್ನು ಹೇಗೆ ಬಿಡಿಸಿದಿರಿ ಎಂಬುದರ ಮೇಲೆ ಉತ್ತರ ಹತ್ತಾರು ಡಿಗ್ರಿ ಆಚೀಚೆ ಹೋಗಬಹುದು. ಪರದೆ ಮಾತ್ರ ದಶಾಂಶದ ಎರಡು ಸ್ಥಾನಗಳವರೆಗೆ ತೋರಿಸುತ್ತದೆ. ಇನ್ನು ನೀರಿನ ಡ್ಯೂ ಪಾಯಿಂಟ್ ಎಂದು ಅದು ಕೊಟ್ಟ ಅಂಕಿ ದ್ರವ ನೀರಿನದೋ ಹೈಡ್ರೇಟಿನದೋ ಎಂದು ಕೇಳುವವರೇ ಕಡಿಮೆ. ತಣ್ಣನೆಯ, ಒತ್ತಡದ ಅನಿಲದಲ್ಲಿ ದ್ರವ ಹನಿಯ ಬಿಂದುವಿಗೆ ಕೆಲವು ಡಿಗ್ರಿ ಮೊದಲೇ ಹೈಡ್ರೇಟಿನ ಬಿಂದು ಬಂದಿರುತ್ತದೆ.

ಅಳತೆಯ ಕೆಲಸ ಹೀಗಲ್ಲ. ಒತ್ತಡದ ಅನಿಲವನ್ನು ನುಣುಪಾದ ಕನ್ನಡಿಯ ಮೇಲೆ ಹರಿಸಿ, ಕನ್ನಡಿಯನ್ನು ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣ್ಣಗೆ ಮಾಡುತ್ತ ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ಕೂರಬೇಕು. ನೀರಾದರೆ ಮಂಕಾದ ಚುಕ್ಕೆ ಮೂಡುತ್ತದೆ. ಹೈಡ್ರೋಕಾರ್ಬನ್ ಆದರೆ ಎಣ್ಣೆಯ ಬಣ್ಣದ ಉಂಗುರ ಹರಡುತ್ತದೆ. ಅದನ್ನು ಗುರುತಿಸಿ ಥರ್ಮಾಮೀಟರ್ ಓದುವ ಕಣ್ಣು ಪಾಳಿಯಲ್ಲಿ ಒಬ್ಬರಿಗಾದರೂ ಇರಬೇಕು.

ನಮ್ಮ ನೆಲಕ್ಕೆ ಬರೋಣ. ದಾಭೋಳದಲ್ಲಿ ಹಡಗಿನಿಂದ ಇಳಿಯುವುದು ದ್ರವೀಕೃತ ಅನಿಲ. ದ್ರವ ಮಾಡುವ ಮೊದಲೇ ಅದರ ನೀರಿನಂಶವನ್ನು ದಶಲಕ್ಷಕ್ಕೆ ಒಂದು ಭಾಗಕ್ಕಿಂತ ಕೆಳಗಿಳಿಸಿರುತ್ತಾರೆ. ಹಾಗಾದರೆ ಭಯವಿಲ್ಲವಲ್ಲ ಎಂದರೆ, ಹೊಸ ಲೈನಿಗೆ ನೀರು ತುಂಬಿ ಒತ್ತಡ ಪರೀಕ್ಷೆ ಮಾಡುತ್ತಾರೆ. ಸರಿಯಾಗಿ ಒಣಗಿಸದಿದ್ದರೆ ತಗ್ಗುಗಳಲ್ಲಿ ಆ ನೀರು ನಿಂತಿರುತ್ತದೆ. ಊರಿನ ಅನಿಲ ಕೇಂದ್ರದಲ್ಲಿ 70 ಬಾರ್‌ನಿಂದ 26 ಬಾರ್‌ಗೆ ಇಳಿಸಿದಾಗ, ಬಾರ್‌ಗೆ ಸುಮಾರು ಅರ್ಧ ಡಿಗ್ರಿಯಂತೆ ಅನಿಲ 20 ಡಿಗ್ರಿಗೂ ಹೆಚ್ಚು ತಣಿಯುತ್ತದೆ. ನೆಲದಡಿ 25 ಡಿಗ್ರಿ ಇದ್ದದ್ದು 5ರ ಕೆಳಗೆ ಬರುತ್ತದೆ. ಅದೇ 0.6 ಸಾಂದ್ರತೆಯ ಅನಿಲಕ್ಕೆ 26 ಬಾರ್‌ನಲ್ಲಿ ಹೈಡ್ರೇಟಿನ ಗೆರೆ 9 ಡಿಗ್ರಿಯ ಸುತ್ತಮುತ್ತ ಇದೆ. ಹೊರಗೆ ಏಪ್ರಿಲ್ ಬಿಸಿಲು 40 ಮುಟ್ಟಿದ್ದರೂ ವಾಲ್ವಿನೊಳಗೆ ಈ ಲೆಕ್ಕ ಬದಲಾಗದು.

ಚಿಮಣಿಯ ಕಥೆಯನ್ನು ನಮ್ಮ ಸಮೀಕ್ಷೆಗಳು ಸಾಮಾನ್ಯವಾಗಿ ಬಿಟ್ಟೇಬಿಡುತ್ತವೆ. ಶೇ. 10ರಷ್ಟು ನೀರಾವಿ ಇರುವ ಹೊಗೆ 46 ಡಿಗ್ರಿಗೆ ಹನಿಗಟ್ಟುತ್ತದೆ. ಆದರೆ ಅದರಲ್ಲಿ ದಶಲಕ್ಷಕ್ಕೆ ಒಂದು ಭಾಗ ಗಂಧಕಾಮ್ಲದ ಆವಿ ಸೇರಿದರೂ ಸಾಕು, 1974ರ ವೆರ್ಹಾಫ್ ಮತ್ತು ಬ್ಯಾಂಚೆರೊ ಸೂತ್ರದಂತೆ 116 ಡಿಗ್ರಿಯಲ್ಲೇ ಆಮ್ಲ ಹನಿಗಟ್ಟುತ್ತದೆ. ಹತ್ತು ಭಾಗವಾದರೆ 137. ಏರ್ ಪ್ರೀಹೀಟರಿನ ತಣ್ಣನೆ ತುದಿಯ ಟ್ಯೂಬುಗಳು ತುಕ್ಕು ತಿಂದು ತೂತಾಗುವುದು ಇದರಿಂದ. ತೊಡಕಿರುವುದು ಸೂತ್ರ ಬೂದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಲ್ಲಿ. ನಮ್ಮ ದೇಶದ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ, ಬೂದಿ ಶೇ. 30ರಿಂದ 40, ಆ ಬೂದಿ ಆಮ್ಲದ ಒಂದಷ್ಟು ಪಾಲನ್ನು ಹೀರಿಕೊಳ್ಳುತ್ತದೆ. ಎಷ್ಟು ಎಂಬುದು ಅಳೆಯದೆ ತಿಳಿಯುವುದಿಲ್ಲ. ಅಳೆಯದ ಕಡೆ ಹೊಗೆಯನ್ನು ಸುರಕ್ಷಿತವಾಗಿರಲಿ ಎಂದು ಬೇಕಾದ್ದಕ್ಕಿಂತ ಬಿಸಿಯಾಗಿಯೇ ಬಿಡುತ್ತಾರೆ. ಹೊಗೆಯನ್ನು 20 ಡಿಗ್ರಿ ತಣಿಸಿದರೆ ಬಾಯ್ಲರಿನ ದಕ್ಷತೆ ಹೆಚ್ಚುಕಡಿಮೆ ಶೇ. 1ರಷ್ಟು ಏರುತ್ತದೆ ಎಂಬುದು ಬಾಯ್ಲರ್ ಕೆಲಸ ಬಲ್ಲ ಎಲ್ಲರಿಗೂ ಗೊತ್ತು. ವರ್ಷವಿಡೀ ಉರಿಯುವ ಬಾಯ್ಲರಿಗೆ ಅದು ಸಣ್ಣ ಮಾತಲ್ಲ.

ಕಾರ್ಖಾನೆಗಳ ಗೆಳೆಯರಲ್ಲಿ ನನ್ನ ಕೋರಿಕೆ ಇದು: ಆಮ್ಲದ ಡ್ಯೂ ಪಾಯಿಂಟನ್ನು ಉಪಕರಣದಿಂದ ಅಳೆಯಿರಿ, ಆ ದಿನ ಉರಿಸಿದ ಕಲ್ಲಿದ್ದಲಿನ ಬೂದಿ ಮತ್ತು ಗಂಧಕದ ಅಂಕಿಗಳನ್ನು ಪಕ್ಕದಲ್ಲೇ ಬರೆದಿಡಿ, ಬರೆದದ್ದನ್ನು ಪ್ರಕಟಿಸಿ. ಸುರತ್ಕಲ್‌ನಲ್ಲಿ, ಬೆಂಗಳೂರಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕಲಿಸುವ ಮೇಷ್ಟ್ರುಗಳು ವಿದ್ಯಾರ್ಥಿಯನ್ನು ಸಾಫ್ಟ್‌ವೇರ್ ಮುಂದೆ ಕೂರಿಸುವ ಮೊದಲು ಕಾಟ್ಜ್ ನಕ್ಷೆಯನ್ನೂ ಒಂದು ಪೆನ್ಸಿಲನ್ನೂ ಕೈಗೆ ಕೊಡಲಿ.