ಫ್ಯಾನಿ ಬರ್ನಿಯ ಕಾಗದ

ಕ್ಯಾನ್ಸರ್ ಎಂಬ ಹೆಸರನ್ನು ರೋಗಿಯ ಎದುರು ಉಚ್ಚರಿಸಲು ನಾವು ಇಂದಿಗೂ ಹಿಂಜರಿಯುತ್ತೇವೆ. 1778ರಲ್ಲಿ ‘ಎವೆಲಿನಾ’ ಬರೆದು ಹೆಸರಾದ ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿ ಅಂಜಲಿಲ್ಲ ಎನ್ನಲಾರೆ, ಅಂಜಿಯೂ ಬರೆದಳು.

ಪ್ಯಾರಿಸ್ಸಿನಲ್ಲಿದ್ದಾಗ, 1810ರಲ್ಲಿ, ಆಕೆಯ ಸ್ತನದಲ್ಲಿ ನೋವು ಕಾಣಿಸಿಕೊಂಡಿತು. ಮೊದಮೊದಲು ಆಕೆ ಅದನ್ನು ಲಕ್ಷಿಸಲಿಲ್ಲ. ಗಂಡನೂ ಗೆಳತಿಯೂ ಒತ್ತಾಯಿಸಿದ ಮೇಲೆಯೇ ವೈದ್ಯರಿಗೆ ತೋರಿಸಿದ್ದು. 1811ರ ಸೆಪ್ಟೆಂಬರ್ 30ರಂದು ಕಪ್ಪುಡುಪಿನ ಏಳು ಮಂದಿ ಕೋಣೆಯೊಳಗೆ ಬಂದರು. ನೆಪೋಲಿಯನ್ನನ ಸೇನಾವೈದ್ಯ ಲಾರೆ ಅವರಲ್ಲೊಬ್ಬ. ಅರಿವಳಿಕೆ ಬಳಕೆಗೆ ಬರಲು ಇನ್ನೂ 35 ವರ್ಷವಿತ್ತು. ಆಕೆಗೆ ದೊರೆತದ್ದು ಒಂದಿಷ್ಟು ದ್ರಾಕ್ಷಾರಸ, ಮುಖದ ಮೇಲೊಂದು ತೆಳುವಸ್ತ್ರ. ಆ ವಸ್ತ್ರದೊಳಗಿಂದಲೇ ಉಕ್ಕಿನ ಹೊಳಪು ಕಂಡಿತು. 20 ನಿಮಿಷಗಳಲ್ಲಿ ಸ್ತನವನ್ನು ಕೊಯ್ದು ತೆಗೆದರು.

ಇದನ್ನೆಲ್ಲ ನಾವು ಅರಿತಿರುವುದು ಅಕ್ಕ ಎಸ್ತರಳಿಗೆ ಆಕೆ ಬರೆದ ಕಾಗದದಿಂದ. ಆ ದಿನದ ಮಾತೆತ್ತಿದರೆ ಸಾಕು, ತಿಂಗಳುಗಟ್ಟಲೆ ಆಕೆಗೆ ಅದೇ ಯಾತನೆ ಮರುಕಳಿಸುತ್ತಿತ್ತು. 1812ರಲ್ಲಿ ಬರೆದು ಮುಗಿಸಿದ ಮೇಲೂ ಅದನ್ನು ತಿರುಗಿ ಓದುವ ಧೈರ್ಯ ಬರಲಿಲ್ಲ.

ಅದು ನಿಜವಾಗಿಯೂ ಕ್ಯಾನ್ಸರೇ ಆಗಿತ್ತೆ ಎಂದು ಈಚಿನ ವೈದ್ಯರು ಸಂಶಯಪಡುವುದುಂಟು. ಆಕೆ 1840ರವರೆಗೆ, 87 ವರ್ಷ, ಬದುಕಿದಳಷ್ಟೆ. ಕಾಗದ ಬರೆಯುವಾಗ ಆಕೆಗೆ ಅದೇನೂ ತಿಳಿದಿರಲಿಲ್ಲ.