ಸಮುದಾಯದ ವಕ್ತಾರರೂ ವೃತ್ತಪತ್ರಿಕೆಗಳೂ

ಅಲ್ಪಸಂಖ್ಯಾತ ಸಮುದಾಯವೊಂದರ ಪರವಾಗಿ ಮಾತನಾಡತಕ್ಕವರು ಯಾರೆಂಬುದನ್ನು ಆ ಸಮುದಾಯವೇ ನಿರ್ಣಯಿಸುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ದೆಹಲಿಯ ವೃತ್ತಪತ್ರಿಕೆಗಳ ಇತಿಹಾಸ ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ಜಾಮಾ ಮಸೀದಿಯ ಶಾಹಿ ಇಮಾಮರ ವಿಷಯವನ್ನೇ ನೋಡಬಹುದು. ಷಹಜಹಾನನ ಕಾಲದಿಂದ ಒಂದೇ ಮನೆತನದಲ್ಲಿ ನಡೆದುಬಂದಿರುವ ಈ ಪದವಿಯ ಕರ್ತವ್ಯವೆಂದರೆ ಆ ಮಸೀದಿಯಲ್ಲಿ ನಮಾಜಿನ ನೇತೃತ್ವ ವಹಿಸುವುದು. ದೇಶದ ಮುಸಲ್ಮಾನರೆಲ್ಲರಿಗೂ ಅಧಿಪತಿಯೆನ್ನತಕ್ಕ ಧರ್ಮಪೀಠ ಸುನ್ನಿ ಸಂಪ್ರದಾಯದಲ್ಲಿ ಇಲ್ಲವೇ ಇಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲಿನಲ್ಲಿ, ತುರ್ಕ್‌ಮಾನ್ ಗೇಟಿನ ಮನೆಗಳನ್ನು ಕೆಡವಲಾಯಿತು. ಮರುವರ್ಷದ ಚುನಾವಣೆಯಲ್ಲಿ ಇಮಾಮ್ ಅಬ್ದುಲ್ಲಾ ಬುಖಾರಿಯವರು ಜನತಾ ಪಕ್ಷದ ಪರವಾಗಿ ಪ್ರಚಾರಕ್ಕಿಳಿದರು. 1980ರಲ್ಲಿ ಕಾಂಗ್ರೆಸ್ಸನ್ನು ಬೆಂಬಲಿಸಿದರು. ಎರಡು ಸಲವೂ ಅವರು ಹಿಡಿದ ಪಕ್ಷ ಗೆದ್ದಿತು. ಅಲ್ಲಿಂದಾಚೆಗೆ ಚುನಾವಣೆ ಬಂದಿತೆಂದರೆ ಇಮಾಮರ ಅಪ್ಪಣೆಯೇನೆಂದು ವಿಚಾರಿಸುವುದು ವರದಿಗಾರರಿಗೆ ರೂಢಿಯಾಯಿತು. ಪತ್ರಿಕಾ ಕಾರ್ಯಾಲಯಗಳು ಸಾಲುಗಟ್ಟಿದ್ದ ಬಹಾದುರ್ ಷಾ ಜಫರ್ ಮಾರ್ಗಕ್ಕೆ ಮಸೀದಿ ದೂರವೇನೂ ಅಲ್ಲವೆಂಬುದನ್ನೂ ಮರೆಯಲಾಗದು. ಬ್ಯಾಂಕಿನಲ್ಲಿ ಸಂಸ್ಥೆಯೊಂದರ ಪರವಾಗಿ ಸಹಿ ಹಾಕುವವರು ಆಡಳಿತ ಮಂಡಲಿಯ ನಿರ್ಣಯದ ಪ್ರತಿಯನ್ನು ತರಬೇಕು; ವರದಿಗಾರನು ಅಂಥದೇನನ್ನೂ ಕೇಳುವುದಿಲ್ಲ.

ಇಂದೋರಿನ ವೃದ್ಧೆ ಷಾ ಬಾನೊ ಅವರಿಗೆ ತಿಂಗಳಿಗೆ 179 ರೂಪಾಯಿ 20 ಪೈಸೆಯ ಜೀವನಾಂಶ ಸಲ್ಲತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 1985ರ ಏಪ್ರಿಲ್ 23ರಂದು ಎತ್ತಿಹಿಡಿಯಿತು. ಮುಂದಿನ ವಿವಾದದಲ್ಲಿ ಪುಟಗಳನ್ನು ತುಂಬಿದವರು ಒಂದೆಡೆ ಉಲೇಮಾಗಳು, ಇನ್ನೊಂದೆಡೆ 1986ರಲ್ಲಿ ಮಂತ್ರಿಪದವಿಯನ್ನು ತ್ಯಜಿಸಿದ ಆರಿಫ್ ಮೊಹಮ್ಮದ್ ಖಾನರು. ಸಂಪ್ರದಾಯಸ್ಥರಿಗೊಂದು ಮುಖ, ಪ್ರಗತಿಪರರಿಗೊಂದು ಮುಖ! ಆಕೆಯ ವಕೀಲರಾದ ದಾನಿಯಾಲ್ ಲತೀಫಿಯವರೂ ಮುಸಲ್ಮಾನರೇ. ಆ ವರ್ಷದ ಹೊಸ ಕಾನೂನನ್ನು ಪ್ರಶ್ನಿಸಿ ಅವರು ಹೂಡಿದ ಮೊಕದ್ದಮೆಯ ತೀರ್ಪು 2001ರಲ್ಲಿ ಹೊರಬಂದಿತು: ಕಾನೂನು ಉಳಿಯಿತು, ಆದರೆ ಪತ್ನಿಯ ಮುಂದಿನ ಜೀವನಕ್ಕೆಲ್ಲ ಸಾಕಾಗುವ ಏರ್ಪಾಟನ್ನು ಇದ್ದತ್ತಿನ ಅವಧಿಯೊಳಗೇ ಪತಿ ಮಾಡತಕ್ಕದ್ದೆಂದು ಅರ್ಥೈಸಲಾಯಿತು. ಲತೀಫಿಯವರ ಹೆಸರನ್ನು ನ್ಯಾಯವಾದಿಗಳು ಬಲ್ಲರು. ಪತ್ರಿಕೆಯ ಓದುಗರು ಅಷ್ಟಾಗಿ ಅರಿಯರು.

ಕನ್ನಡದಲ್ಲಿ ಬೇರೊಂದು ದಾರಿಯೂ ತೆರೆದಿತ್ತು. 1980ರಲ್ಲಿ ಆರಂಭವಾದ ಲಂಕೇಶ್ ಪತ್ರಿಕೆಯಲ್ಲಿ, ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದಿತು. ಹಾಸನದ ಬಾನು ಮುಷ್ತಾಕ್ ಅದರ ವರದಿಗಾರ್ತಿಯಾದರು. ಸಂಪಾದಕರು ಹುಡುಕಿದ್ದು ಲೇಖಕಿಯರನ್ನು, ವಕ್ತಾರರನ್ನಲ್ಲ. ಹಾಗಿದ್ದೂ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನದ ತರುವಾಯ ಮೈಸೂರು ದಸರೆಯ ಉದ್ಘಾಟನೆಗೆ ಆಹ್ವಾನ ಬಂದೊಡನೆ, ಬಾನು ಅವರ ಕಥೆಗಳು ಹಿಂದೆ ಸರಿದು ಅವರ ಮತವೇ ಚರ್ಚೆಯ ವಸ್ತುವಾಯಿತು. ಆಹ್ವಾನವನ್ನು ವಿರೋಧಿಸಿದ ಅರ್ಜಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ತಿರಸ್ಕೃತವಾಯಿತು; ಸೆಪ್ಟೆಂಬರ್ 22ರಂದು ಅವರೇ ಉದ್ಘಾಟನೆಯನ್ನು ನೆರವೇರಿಸಿದರು.