ಬೆಳಕಿನ ಉಳಿ: ಲೇಸರ್ ಮತ್ತು ಅರೆವಾಹಕಗಳ ಇತಿಹಾಸ

ವಿಜ್ಞಾನದ ಮಾತು ಬಂದಾಗಲೆಲ್ಲ ನಾವು ಇಬ್ನುಲ್ ಹೈಸಮ್‌ರ ಹೆಸರನ್ನು ಅಭಿಮಾನದಿಂದ ಹೇಳುತ್ತೇವೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ನೆಲೆಸಿದ ಅವರು 11ನೇ ಶತಮಾನದ ಆರಂಭದಲ್ಲಿ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥ ರಚಿಸಿದರು. ಕಣ್ಣಿನಿಂದ ಕಿರಣ ಹೊರಡುವುದಿಲ್ಲ, ವಸ್ತುವಿನಿಂದಲೇ ಬೆಳಕು ಕಣ್ಣಿಗೆ ಬರುತ್ತದೆ ಎಂದು ಪ್ರಯೋಗಗಳ ಆಧಾರದಿಂದ ವಿವರಿಸಿದರು. ಆ ಶಾಸ್ತ್ರ ಅಲ್ಲಿಗೇ ನಿಲ್ಲಲಿಲ್ಲ. ಇಂದು ಬೆಳಕು ನೋಡಲಿಕ್ಕೆ ಮಾತ್ರವಲ್ಲ, ಕೆತ್ತಲಿಕ್ಕೂ ಬೇಕಾದ ಉಳಿಯಾಗಿದೆ.

1960ರ ಮೇ 16ರಂದು ಅಮೆರಿಕದ ಥಿಯೋಡರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣ ಹೊಮ್ಮಿಸಿದರು. ಅದೇ ಡಿಸೆಂಬರಿನಲ್ಲಿ ಟೆಹ್ರಾನಿನಲ್ಲಿ ಹುಟ್ಟಿದ ಅಲಿ ಜವಾನ್ ಮತ್ತು ಸಂಗಡಿಗರು ಬೆಲ್ ಪ್ರಯೋಗಾಲಯದಲ್ಲಿ ಹೀಲಿಯಂ-ನಿಯಾನ್ ಅನಿಲದ ಲೇಸರ್ ರೂಪಿಸಿದರು. ಜವಾನರ ಕಿರಣ ಹೊಳೆಯಂತೆ ಎಡೆಬಿಡದೆ ಹರಿಯುವಂಥದ್ದು. ಮೈಮನ್ನರದು ಸುತ್ತಿಗೆಯ ಪೆಟ್ಟಿನಂತೆ ಬಿಟ್ಟು ಬಿಟ್ಟು ಬೀಳುವಂಥದ್ದು. ನಮ್ಮ ವಿಷಯ ಈ ಪೆಟ್ಟು.

ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಹತ್ತಿಪ್ಪತ್ತು ಪಾಲಿನಷ್ಟು ಕಾಲ ಮಾತ್ರ ಒಂದು ಪೆಟ್ಟು ಇರಬಲ್ಲದು. ಶಾಖ ಆಳಕ್ಕೆ ಇಳಿಯಲು ಸಮಯವೇ ಇಲ್ಲದ ಕಾರಣ ಮೇಲ್ಮೈಯ ತೆಳು ಪದರವಷ್ಟೇ ಹೊಳೆಯುವ ಆವಿಯಾಗಿ ಸಿಡಿಯುತ್ತದೆ. ಇದಕ್ಕೆ ಲೇಸರ್ ಅಬ್ಲೇಷನ್ ಎನ್ನುತ್ತಾರೆ. ಆ ಆವಿಯನ್ನು ನಿರ್ವಾತದಲ್ಲಿ ಒಂದು ಬಿಲ್ಲೆಯ ಮೇಲೆ ಹಿಡಿದರೆ ಅದೇ ವಸ್ತುವಿನ ತೆಳುಪದರ ಸಿದ್ಧ. 1965ರಲ್ಲಿ ಸ್ಮಿತ್ ಮತ್ತು ಟರ್ನರ್ ಮಾಣಿಕ್ಯ ಲೇಸರ್ ಬಳಸಿ, ಅರೆವಾಹಕಗಳೂ ಸೇರಿದಂತೆ ಹಲವು ವಸ್ತುಗಳ ಪದರಗಳನ್ನು ಹೀಗೆ ತಯಾರಿಸಿ ತೋರಿಸಿದರು.

ಸಿಲಿಕಾನ್, ಜರ್ಮೇನಿಯಂಗಳ ಪರಮಾಣು ಗುಚ್ಛಗಳನ್ನು ಅಭ್ಯಸಿಸಲು ರಿಚರ್ಡ್ ಸ್ಮಾಲಿ ಬಳಸುತ್ತಿದ್ದ ಲೇಸರ್ ಯಂತ್ರದಲ್ಲಿ 1985ರಲ್ಲಿ ಗ್ರಾಫೈಟ್ ಇಟ್ಟು ನೋಡಿದಾಗ 60 ಇಂಗಾಲ ಪರಮಾಣುಗಳ ಚೆಂಡು ದೊರೆಯಿತು. ಅದಕ್ಕೆ 1996ರ ನೊಬೆಲ್ ಬಂತು. 1987ರಲ್ಲಿ ನ್ಯೂಜೆರ್ಸಿಯ ಬೆಲ್‌ಕೋರ್‌ನಲ್ಲಿ ಭಾರತ ಮೂಲದ ಟಿ. ವೆಂಕಟೇಶನ್ ತಂಡ ಇದೇ ವಿಧಾನದಿಂದ ಅತಿವಾಹಕ ಪದರ ತಯಾರಿಸಿದ ಮೇಲೆ ಇದು ಜಗತ್ತಿನೆಲ್ಲೆಡೆ ಹಬ್ಬಿತು. ಆ ತಂಡದ ಜೊತೆ ದುಡಿದ ಎಂ.ಎಸ್. ಹೆಗಡೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸ ಬೆಳೆಸಿ, 2001ರಲ್ಲಿ ಅದರ ಸಿಂಹಾವಲೋಕನವನ್ನೂ ಪ್ರಕಟಿಸಿದರು.

ಇಂದಿನ ಅತ್ಯಾಧುನಿಕ ಚಿಪ್ಪುಗಳ ಗೆರೆ ಮೂಡಿಸುವ ಬೆಳಕೂ ಹೀಗೆಯೇ ಹುಟ್ಟುತ್ತದೆ. ಸೆಕೆಂಡಿಗೆ ಸುಮಾರು 50,000 ತವರದ ಹನಿಗಳ ಮೇಲೆ ಲೇಸರ್ ಪೆಟ್ಟು ಬಿದ್ದಾಗ 13.5 ನ್ಯಾನೋಮೀಟರ್ ತರಂಗದ ಬೆಳಕು ಹೊಮ್ಮುತ್ತದೆ.

ವಿದ್ಯಾರ್ಥಿ ಮಿತ್ರರೇ, ಈ ಸಾಲಿನಲ್ಲಿ ಬಸ್ರಾದವರಿದ್ದಾರೆ, ಟೆಹ್ರಾನಿನವರಿದ್ದಾರೆ, ಬೆಂಗಳೂರಿನವರೂ ಇದ್ದಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರು ಏಕಿರಬಾರದು? ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿಯ ಹೆಸರಿನ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ. ಶಂಕರಘಟ್ಟ ನಮಗೆ ದೂರವೂ ಅಲ್ಲ. ಆದರೂ ವಿಜ್ಞಾನ ನಮಗಲ್ಲ, ಬೇಗ ಸಂಪಾದನೆಗೆ ಇಳಿಯೋಣ ಎಂದು ಎಸ್ಸೆಸ್ಸೆಲ್ಸಿಗೇ ಓದು ಬಿಡುವ ಜಾಣ ಮಕ್ಕಳು ನಮ್ಮಲ್ಲಿದ್ದಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತನ್ನು ಹಿರಿಯರೇ ಆಡಿಬಿಡುವುದುಂಟು. ಸಾವಿರ ವರ್ಷದ ಹಿಂದಿನ ಹೆಸರನ್ನು ವೇದಿಕೆಯಲ್ಲಿ ಹೇಳಿಕೊಂಡರೆ ಸಾಲದು. ಈ ವರ್ಷ ನಮ್ಮ ಮೂರು ತಾಲ್ಲೂಕುಗಳಿಂದ ಒಬ್ಬ ಹುಡುಗಿ, ಒಬ್ಬ ಹುಡುಗ ಭೌತಶಾಸ್ತ್ರ ಆರಿಸಿಕೊಂಡರೂ ಇಬ್ನುಲ್ ಹೈಸಮ್‌ರಿಗೆ ಅದೇ ನಿಜವಾದ ಗೌರವ.